ದುಬೈಯಿಂದ ಸಗರಕ್ಕೆ ಎಷ್ಟು ತಾಸು

ಏಳನೆಯ ಕಂತು

೨೦೨೪ನೆಯ ಇಸವಿ ಆಗಸ್ಟ್ ೨೮, ಬುಧವಾರ. ಇಸ್ಮಾಯಿಲಸಾಬರ ವಹಿಯಲ್ಲಿ ಅಂದಿಗೆ ನಲವತ್ತಮೂರು ಸಾಲುಗಳಿದ್ದವು. ಸಾಯಬಮ್ಮ ಎರಡು ಸಲ ಎಣಿಸಿದಳು. ಎರಡು ಸಲವೂ ನಲವತ್ತಮೂರೇ ಬಂತು.

ನಲವತ್ತಮೂರು ಸಾಲು ಎಂದರೆ ನಲವತ್ತಮೂರು ಸಾವು. ಸಗರದಲ್ಲಿ ಯಾರಾದರೂ ತೀರಿಕೊಂಡಾಗ, ಕೊಲ್ಲಿ ದೇಶದಲ್ಲಿ ದುಡಿಯುವ ಮಗ ಬಂದು ಮೂರು ಹಿಡಿ ಮಣ್ಣು ಕೊಡುವವರೆಗೆ ಕಾಯಬೇಕೋ, ಕಾಯದೆ ದಫನ್ ಮಾಡಬೇಕೋ ಎಂಬ ಪ್ರಶ್ನೆ ಏಳುತ್ತಿತ್ತು. ಅದಕ್ಕೆ ಉತ್ತರ ಹೇಳುತ್ತಿದ್ದವರು ಇಸ್ಮಾಯಿಲಸಾಬರು. ಶಹಾಪುರದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿ ನಿವೃತ್ತರಾದವರು. ಅವರು ಲೆಕ್ಕ ಹಾಕಿ ಹೊತ್ತು ಹೇಳಿದರೆ ಜಮಾತಿನಲ್ಲಿ ಎರಡನೆಯ ಮಾತು ಇರಲಿಲ್ಲ.

"ಸಾಬ್ರ, ಕಡೀ ಸಾಲು ನೀವೇ ಓದ್ರಿ. ನನಗ ಉರ್ದು ಬರಂಗಿಲ್ಲ," ಎಂದಳು ಸಾಯಬಮ್ಮ.

ಮುದುಕರು ವಹಿಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಎಡಗಣ್ಣಿಗೆ ಪೊರೆ ಬಂದಿತ್ತು.

"ಹಜರಾಬೀ. ಮಂಗಳವಾರ, ಇಪ್ಪತ್ತನೇ ತಾರೀಖು. ದುಬೈಯಿಂದ ಹೈದರಾಬಾದ, ಎರಡು ಸಾವಿರದ ಐನೂರ ನಲವತ್ತೇಳು ಕಿಲೋಮೀಟರ್. ಮೂರು ತಾಸು ನಲವತ್ತೊಂದು ನಿಮಿಷ. ವಿಮಾನ ಬಿಡೂದು ಎಂಟು ಇಪ್ಪತ್ತು. ಹೇಳಿದವರು ನುಜ್ಹತ."

ಆ ಕೊನೆಯ ಎರಡು ಪದಗಳ ಮೇಲೆಯೇ ನುಜ್ಹತಳ ಬದುಕು ನಿಂತಿತ್ತು. ಹಜರಾಬೀಯ ಮೂಗು ಬಾಯಿ ಒತ್ತಿ ಕೊಂದಿದ್ದಾರೆ ಎಂದು ಗೋರಿಯಿಂದ ಎತ್ತಿದ ಶವದ ಪರೀಕ್ಷೆ ಹೇಳಿತ್ತು. ಆ ರಾತ್ರಿ ಮನೆಯಲ್ಲಿದ್ದವರು ಹಜರಾಬೀ, ಸೊಸೆ ನುಜ್ಹತ, ನಾಲ್ಕು ವರ್ಷದ ಫರ್ಹೀನ್. ದುಬೈಯಲ್ಲಿದ್ದ ಮಗ ಅಯಾಜ್ ಬಂದು ಮುಟ್ಟುವ ಮೊದಲೇ ಹೆಣ ಮಣ್ಣಾಗುವಂತೆ ತಪ್ಪು ಹೊತ್ತು ಹೇಳಿದವಳು ಸೊಸೆಯೇ ಎಂದು ಇನ್‌ಸ್ಪೆಕ್ಟರ್ ಲಕ್ಷ್ಮಿಕಾಂತ ನಿನ್ನೆ ಸಂಜೆ ಐದೂವರೆಗೆ ಅವಳನ್ನು ಬಂಧಿಸಿದ್ದರು. ಇಂದು ಸಂಜೆ ಐದೂವರೆಯೊಳಗೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಕಲಬುರಗಿ ಜೈಲು.

ಈಗ ಹನ್ನೊಂದು ಗಂಟೆ. ಸಾಯಬಮ್ಮನ ಕೈಯಲ್ಲಿ ಆರೂವರೆ ತಾಸು ಇತ್ತು, ಮೊಣಕಾಲಿನಲ್ಲಿ ನೋವಿತ್ತು. ಶಹಾಪುರ ಠಾಣೆಯ ಎಎಸ್‌ಐ ಆಗಿ ಅವಳು ನೋಡಿದ ಸುಳ್ಳುಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಸೋಮಾರಿ ಸುಳ್ಳುಗಳು. ಈ ಎಂಟು ಇಪ್ಪತ್ತು ಸೋಮಾರಿ ಸುಳ್ಳಾಗಿರಲಿಲ್ಲ. ಅದು ಅವಳನ್ನು ಎರಡು ದಿನದಿಂದ ಮಲಗಗೊಟ್ಟಿರಲಿಲ್ಲ.

"ಇಷ್ಟು ಖಾತ್ರಿ ಹ್ಯಾಂಗ್ರಿ ಸಾಬ್ರ? ಶಹಾಪುರದಿಂದ ಯಾದಗಿರಿ ಬಸ್ಸೇ ದಿನಾ ಒಂದೊಂದು ಹೊತ್ತಿಗೆ ಮುಟ್ಟತದ."

"ಬಸ್ಸಿಗೆ ಎಮ್ಮಿ ಅಡ್ಡ ಬರತದ, ಲಗ್ನದ ಮೆರವಣಿಗಿ ಅಡ್ಡ ಬರತದ. ಆಕಾಶದಾಗ ಎಮ್ಮಿ ಎಲ್ಲಿ ಅದಾವಮ್ಮ?" ಮುದುಕರು ನಗಲಿಲ್ಲ. "ನೆಟ್‌ನ್ಯಾಗ ಎರಡೂ ಏರ್‌ಪೋರ್ಟಿನ ನಡುವಿನ ನೆಟ್ಟನ ಗೆರಿ ದೂರ ಸಿಗತದ. ತಾಸಿಗೆ ಎಂಟುನೂರರಂಗ ಭಾಗಿಸ್ರಿ, ಮೂರು ತಾಸು ಹನ್ನೊಂದು ನಿಮಿಷ. ಏರಾಕ ಇಳಿಯಾಕ ಅರ್ಧ ತಾಸು ಕೂಡಿಸ್ರಿ. ಖರೇ ಹೇಳಬೇಕಂದ್ರ ಬರೂಮುಂದ ಗಾಳಿ ಬೆನ್ನಿಗಿರತದ, ಇಪ್ಪತ್ತು ನಿಮಿಷ ಲಗೂನೇ ಬರತದ. ನಾ ಅದನ್ನ ಕಳಿಯಂಗಿಲ್ಲ. ಹತ್ತಿಪ್ಪತ್ತು ನಿಮಿಷ ಹೆಚ್ಚು ಹಿಡದ್ರ ಯಾರಿಗೂ ಲುಕ್ಸಾನಿಲ್ಲ."

"ಆಮ್ಯಾಲ?"

"ಆಮ್ಯಾಲ ಏರ್‌ಪೋರ್ಟಿನಿಂದ ಹೊರಗ ಬರಾಕ ಮುಕ್ಕಾಲು ತಾಸು. ಅಲ್ಲಿಂದ ಗುರುಮಠಕಲ್ ಮ್ಯಾಲ ಸಗರಕ್ಕ ಕಾರಿನ್ಯಾಗ ನಾಕೂವರೆ ತಾಸು. ಸೂರ್ಯ ಮುಳುಗೂಕಿಂತ ಮೊದಲು ಮಗ ಮುಟ್ಟತಾನಂದ್ರ ಕಾಯತೀವಿ. ಇಲ್ಲಂದ್ರ ಮಧ್ಯಾನ್ಹದ ಜುಹರ್ ನಮಾಜ್ ಆದ ಕೂಡಲೇ ಎತ್ತತೀವಿ."

ಸಾಯಬಮ್ಮ ತನ್ನ ಪುಸ್ತಕ ತೆಗೆದಳು. ಅಯಾಜ್‌ನ ಟಿಕೆಟಿನ ನಕಲು ಅದರಲ್ಲಿತ್ತು. ಅದರ ಪ್ರಕಾರ ವಿಮಾನ ದುಬೈ ಬಿಟ್ಟದ್ದು ಬೆಳಗಿನ ಆರು ಐವತ್ತಕ್ಕೆ, ದುಬೈ ಗಡಿಯಾರದಲ್ಲಿ. ನಮ್ಮ ಗಡಿಯಾರ ದುಬೈಗಿಂತ ಒಂದೂವರೆ ತಾಸು ಮುಂದೆ. ಆರು ಐವತ್ತಕ್ಕೆ ಒಂದೂವರೆ ತಾಸು ಸೇರಿಸಿದರೆ ಎಂಟು ಇಪ್ಪತ್ತು.

"ಹಂಗಾದ್ರ ಎಂಟು ಇಪ್ಪತ್ತು ಸುಳ್ಳಲ್ಲಲ್ರೀ. ಅದು ನಮ್ಮ ಹೊತ್ತು."

ಇಸ್ಮಾಯಿಲಸಾಬರು ವಹಿ ಮುಚ್ಚಿದರು. ಬೆರಳು ಮಾತ್ರ ಒಳಗೇ ಉಳಿಯಿತು.

"ನಮ್ಮ ಹೊತ್ತು ನನಗ ಯಾರೂ ಹೇಳಂಗಿಲ್ಲಮ್ಮ. ಇಪ್ಪತ್ತು ವರ್ಷದಿಂದ ಹೀಂಗೇ ನಡದದ. ಅಲ್ಲಿ ಗಡಿಯಾರದಾಗ ಎಷ್ಟು ಅದ, ಅದನ್ನಷ್ಟೇ ಹೇಳ್ರಿ. ದುಬೈಗೆ ಒಂದೂವರೆ, ಸೌದಿಗೆ ಎರಡೂವರೆ ಕೂಡಿಸೂದು ನನ್ನ ಕೆಲಸ. ಊರಾಗ ಸಣ್ಣ ಕೂಸಿಗೂ ಗೊತ್ತದ. ಎಂಟು ಇಪ್ಪತ್ತು ಅಂದ್ರು, ನಾ ಕೂಡಿಸಿದೆ. ಒಂಬತ್ತು ಐವತ್ತಾತು."

ಉಳಿದದ್ದನ್ನು ಸಾಯಬಮ್ಮ ತಾನೇ ಬರೆದು ನೋಡಿದಳು. ಒಂಬತ್ತು ಐವತ್ತರಿಂದ ಹೊರಟ ಮುದುಕರ ಲೆಕ್ಕ ಸಂಜೆ ಆರು ನಲವತ್ತಾರಕ್ಕೆ ಬಂದು ನಿಂತಿತ್ತು. ಅಂದು ಸೂರ್ಯ ಮುಳುಗಿದ್ದು ಆರು ಮೂವತ್ತೆಂಟಕ್ಕೆ. ಆದ್ದರಿಂದ ಕಾಯಲಿಲ್ಲ. ಮಧ್ಯಾಹ್ನ ಎರಡಕ್ಕೆ ಹಜರಾಬೀ ಮಣ್ಣು ಸೇರಿದಳು. ಸರಿಯಾದ ಲೆಕ್ಕ ಐದು ಹದಿನಾರಕ್ಕೆ ನಿಲ್ಲುತ್ತಿತ್ತು. ಗಾಳಿ ಬೆನ್ನಿಗಿತ್ತು, ಅಯಾಜ್ ಐದು ಗಂಟೆಗೇ ಸಗರದಲ್ಲಿ ಕಾರಿನಿಂದ ಇಳಿದಿದ್ದ. ತಾಯಿಯ ಗೋರಿಗೆ ಆಗ ಮೂರು ತಾಸಿನ ವಯಸ್ಸು.

"ಎಂಟು ದಿನದಿಂದ ಊಟ ಸೇರವಲ್ದು," ಎಂದರು ಮುದುಕರು. "ಡಿಪೋದಾಗ ಮೂವತ್ತೊಂದು ವರ್ಷ. ಒಂದು ಗಾಡಿ ತಪ್ಪು ಹೊತ್ತಿಗೆ ಬಿಟ್ಟಿಲ್ಲ."

"ನುಜ್ಹತ ತಾನೇ ಬಂದು ಹೇಳಿದ್ಲೇನ್ರಿ?"

"ಆಕಿ ಎಲ್ಲಿ ಬರತಾಳ, ಅತ್ತಿ ಹೆಣದ ಮುಂದ ಕುಂತಾಕಿ. ಆಸೀಫ್ ಬಂದಿದ್ದ. ಹಜರಾಬೀ ಮೈದುನನ ಮಗ. ಭಾಭಿ ಹೇಳಿ ಕಳಿಸ್ಯಾರ ಅಂದ. ನಾ ಭಾಭಿ ಹೆಸರು ಬರದೆ."

"ತಂದವನ ಹೆಸರು?"

"ತಂದವನ ಹೆಸರು ನಾ ಬರಿಯಂಗಿಲ್ಲ." ಹೇಳುತ್ತ ಹೇಳುತ್ತ ಮುದುಕರಿಗೇ ಅದರ ಅರ್ಥ ಹೊಳೆಯಿತು. ಅವರು ತಲೆ ತಗ್ಗಿಸಿದರು.

ಸಾಯಬಮ್ಮ ವಹಿಯನ್ನು ಕೇಳಿ ತೆಗೆದುಕೊಂಡು ಹಿಂದಕ್ಕೆ ತಿರುವಿದಳು. ಉರ್ದು ಬಾರದಿದ್ದರೂ ಅಂಕಿ ಬರುತ್ತಿದ್ದವು. ಅಂಕಿಗಳನ್ನು ಮುದುಕರು ಡಿಪೋದ ರೂಢಿಯಂತೆ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. ಮೂವತ್ತೊಂದನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು. ಇಡೀ ವಹಿಯಲ್ಲಿ ಹೊಡೆದು ಹಾಕಿದ ಅಂಕಿ ಅದೊಂದೇ. ೩-೪೫ ಎಂದು ಬರೆದು, ಗೀಟು ಎಳೆದು, ಮೇಲೆ ೨-೧೫ ಎಂದು ತಿದ್ದಿದ್ದರು.

"ಇದು ಯಾರ ಸಾಲ್ರಿ?"

ಇಸ್ಮಾಯಿಲಸಾಬರು ನೋಡಿದರು. ಮತ್ತೆ ನೋಡಿದರು. ಆಮೇಲೆ ಅವರು ಹೇಳಿದ್ದನ್ನು ಸಾಯಬಮ್ಮ ಅಕ್ಷರ ಬಿಡದೆ ಬರೆದುಕೊಂಡಳು, ಕೆಳಗೆ ಅವರ ಸಹಿ ಹಾಕಿಸಿಕೊಂಡಳು.

*

ಶಹಾಪುರ ಠಾಣೆಯ ಒಳಕೋಣೆಯಲ್ಲಿ ನುಜ್ಹತ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ಕೊಟ್ಟ ಊಟ ಹಾಗೇ ಇತ್ತು.

"ಉಣ್ಣವಾ. ಅನ್ನದ ಮ್ಯಾಲ ಯಾಕ ಸಿಟ್ಟು?"

"ಫರ್ಹೀನ್ ಉಂಡಾಳೇನ್ ಅಕ್ಕಾ?"

"ಉಂಡಾಳ. ಕಾನ್‌ಸ್ಟೇಬಲ್ ಮಲ್ಲಿಕಮ್ಮನ ಕ್ವಾರ್ಟರ್ಸ್‌ನ್ಯಾಗ ಟಿವಿ ನೋಡಾಕತ್ತಾಳ. ಪೊಲೀಸರ ಮನಿ ಭಾಳ ಚೊಲೋ ಅದ, ಇಲ್ಲೇ ಇರತೀನಿ ಅಂತಾಳ."

ನುಜ್ಹತಳ ತುಟಿ ಸ್ವಲ್ಪ ಅಲುಗಿತು. ಸಾಯಬಮ್ಮ ಎದುರಿಗೆ ಸ್ಟೂಲು ಎಳೆದುಕೊಂಡು, ಮೊಣಕಾಲನ್ನು ಕೈಯಿಂದ ಹಿಡಿದು ಕುಳಿತಳು.

"ಅವತ್ತು ಮುಂಜಾನಿ ಆಸೀಫ್‌ನ ಕೈಯಾಗ ಏನು ಹೇಳಿ ಕಳಿಸಿದಿ? ನೆನಪು ಮಾಡಿ ಹೇಳು."

"ಇವರು ಟಿಕೆಟ್ ಕಳಿಸಿದ್ರು ಅಕ್ಕಾ, ಮೊಬೈಲಿಗೆ. ಅದರಾಗ ಇದ್ದದ್ದು ಓದಿ ಹೇಳಿದೆ. ಆರು ಐವತ್ತು ಅಂತ. ಸಾಬ್ರಿಗೆ ಅಲ್ಲಿ ಹೊತ್ತೇ ಹೇಳಬೇಕು ಅಂತ ಅತ್ತಿ ಮೊದಲೇ ನನಗ ಕಲಿಸಿದ್ರು. ನಾನು ಗುರುಮಠಕಲ್ಲಿನಾಕಿ, ನಮ್ಮ ಕಡೆ ಈ ಪದ್ಧತಿ ಇಲ್ಲ. ಅದಕ್ಕೇ ಎರಡು ಸಲ ಹೇಳಿದೆ. ಅಲ್ಲಿ ಆರು ಐವತ್ತು, ಅಲ್ಲಿ ಆರು ಐವತ್ತು ಅಂತ."

"ಯಾರಾದ್ರೂ ಕೇಳ್ಯಾರೇನು?"

"ಹೆಣದ ಮನ್ಯಾಗ ಯಾರ ಮಾತು ಯಾರು ಕೇಳತಾರ?"

ಹೊರಗೆ ಲಕ್ಷ್ಮಿಕಾಂತ ರಿಮಾಂಡ್ ಕಾಗದ ಟೈಪ್ ಮಾಡಿಸುತ್ತಿದ್ದರು. ಅವರು ಕೆಟ್ಟವರಲ್ಲ. ಕೇಸು ಬೇಗ ಮುಗಿಯಬೇಕು ಎನ್ನುವವರು, ಅಷ್ಟೇ.

"ಏನ್ ಸಾಯಬಮ್ಮ, ಮುದುಕನ ಗಣಿತ ಮುಗೀತಾ?"

"ಒಂದು ಸವಾಲ್ ಉಳದದ ಸರ್. ಆಕಿಗೆ ಹೆಣ ಲಗೂ ಎತ್ತಿಸೂದೇ ಬೇಕಾಗಿತ್ತಂದ್ರ, ರಾತ್ರಿ ವಿಮಾನ, ನಾಳೆ ಮುಟ್ಟತಾನ ಅಂದಿದ್ರ ಮುಗೀತಿತ್ತು. ಲೆಕ್ಕಾನೇ ಬೇಕಾಗಿರಲಿಲ್ಲ. ಅದನ್ನ ಬಿಟ್ಟು ಬರೋಬ್ಬರಿ ತೊಂಬತ್ತು ನಿಮಿಷದ ಸುಳ್ಳು ಯಾಕ ಹೇಳತಾಳ? ತೊಂಬತ್ತು ನಿಮಿಷದ ಸುಳ್ಳು ಹೇಳಾವ, ಸಿಕ್ಕಿಬಿದ್ರ ತಪ್ಪು ತಿಳದೀನಿ ಅಂತ ಹೇಳಾಕ ಜಾಗಾ ಇಟ್ಟುಕೊಂಡೇ ಹೇಳತಾನ. ಅದು ಗಡಿಯಾರ ಎರಡೂ ಕಡೆ ನೋಡಿದಾವನ ಕೆಲಸ. ಈಕಿ ಹೈದರಾಬಾದ್ ಸುದ್ದಾ ನೋಡಿಲ್ಲ."

ಲಕ್ಷ್ಮಿಕಾಂತ ಗೋಡೆಯ ಗಡಿಯಾರ ನೋಡಿದರು. "ಹನ್ನೆರಡೂವರೆ. ನಾಲ್ಕೂವರೆಗೆ ಕೋರ್ಟಿಗೆ ಹೊರಡತೀವಿ. ಅಷ್ಟರಾಗ ಬೇರೆ ಹೆಸರು ತಂದ್ರ ತರ್ರಿ. ಸವಾಲ್ ತರಬೇಡ್ರಿ, ಸವಾಲ್ ನನ್ನ ಹಂತ್ಯಾಕ ಭಾಳ ಅದಾವ."

*

ಸುರಪುರದ ಬಸ್ ನಿಲ್ದಾಣದ ಎದುರು ಆಸೀಫ್‌ನ ಮೊಬೈಲ್ ರಿಪೇರಿ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು, ಅಷ್ಟೇ ಜಾಗ. ಸಾಯಬಮ್ಮನನ್ನು ನೋಡಿದ್ದೇ ಅವನು ಸ್ಟೂಲು ಒರೆಸಿ ಮುಂದಿಟ್ಟ. ಮೂವತ್ತೆರಡರ ಪ್ರಾಯ, ಒಪ್ಪವಾದ ಗಡ್ಡ, ದುಬೈಯಲ್ಲಿ ಐದು ವರ್ಷ ಇದ್ದು ವೀಸಾ ಮುಗಿದು ಹೋದ ವರ್ಷ ಮರಳಿದವನು.

"ಬರ್ರಿ ಮೇಡಂ, ಬರ್ರಿ. ಚಾ ತರಸ್ಲೇನ್ರಿ? ಸುರಪುರದ ಚಾ."

"ಬ್ಯಾಡಪ್ಪ. ಎಲ್ಲಾ ಊರಿನ ಚಾ ಕುಡದು ಹೊಟ್ಟಿ ಸುಡಾಕತ್ತದ."

"ಭಾಭಿದು ಏನಾತ್ರಿ? ಪಾಪ, ನಂಬಾಕ ಆಗಂಗಿಲ್ಲ. ಆದ್ರ ಉಮೆಸಲ್ಮಾ ಆಪಾ ಹೆಣಕ್ಕ ನೀರು ಹಾಕೂಮುಂದ ತುಟಿ ಮ್ಯಾಲ ಗುರ್ತು ನೋಡ್ಯಾರಂದ ಮ್ಯಾಲ..."

"ಎಂಟು ಇಪ್ಪತ್ತು ಅಂತ ಸಾಬ್ರಿಗೆ ಯಾರು ಹೇಳಿದ್ರು?"

ಅವನ ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರ್ ನಿಂತಿತು. "ಭಾಭಿ."

"ಆಕಿ ಆರು ಐವತ್ತು ಅಂದಿದ್ಲು. ಅಲ್ಲಿ ಹೊತ್ತು ಅಂತ ಎರಡು ಸಲ ಅಂದಿದ್ಲು."

"ಹಾಂ, ಅದೇ ಅಲ್ರೀ. ನಾನೇ ನಮ್ಮ ಹೊತ್ತಿಗೆ ತಿರುಗಿಸಿ ಹೇಳೀನಿ. ಸಾಬ್ರಿಗೆ ವಯಸ್ಸಾಗ್ಯಾದ, ತ್ರಾಸ ಯಾಕ ಕೊಡಬೇಕಂತ. ಅವರು ಮತ್ತ ಕೂಡಿಸ್ತಾರ ಅಂತ ನನಗೇನ್ ಗೊತ್ತ್ರಿ? ಒಳ್ಳೇದು ಮಾಡಾಕ ಹೋಗಿ ಹೀಂಗಾತು."

ಮಾತು ಚೆನ್ನಾಗಿತ್ತು. ಬೇರೆ ಯಾವ ದಿನವಾದರೂ ಸಾಯಬಮ್ಮ ಅದನ್ನು ಒಪ್ಪಿಕೊಂಡು ಎದ್ದು ಹೋಗುತ್ತಿದ್ದಳೇನೋ. ಅವಳು ವಹಿಯ ಮೂವತ್ತೊಂದನೆಯ ಸಾಲಿನ ಚಿತ್ರವನ್ನು ತನ್ನ ಮೊಬೈಲಿನಲ್ಲಿ ತೆರೆದು ಅವನ ಮುಂದೆ ಹಿಡಿದಳು.

"ಓದು. ನಿನಗ ಉರ್ದು ಬರತದ."

ಅವನು ಓದಲಿಲ್ಲ.

"ನಿಮ್ಮಪ್ಪನ ಸಾಲು. ಎರಡು ವರ್ಷದ ಹಿಂದಿಂದು. ನೀ ದುಬೈಯಿಂದ ಸಾಬ್ರಿಗೆ ಫೋನ್ ಹಚ್ಚಿದಿ. ಮೂರು ನಲವತ್ತೈದಕ್ಕ ವಿಮಾನ ಅಂದಿ. ಅದು ಎಲ್ಲಿ ಹೊತ್ತು ಅಂತ ಅವರು ಕೇಳಿದ್ರು. ನಮ್ಮ ಹೊತ್ತು ಅಂದಿ. ಅವರು ಬೈದ್ರು. ಏನಂತ ಬೈದ್ರು, ನೀ ಹೇಳತೀಯೋ ನಾ ಹೇಳ್ಲೋ?"

ಆಸೀಫ್ ಸ್ಕ್ರೂಗಳ ಡಬ್ಬಿ ಮುಚ್ಚಿದ.

"'ಮಗನ, ಅಲ್ಲಿ ಹೊತ್ತು ಹೇಳು, ಇಲ್ಲಿದು ನಾ ನೋಡಿಕೋತೀನಿ. ನಿನ್ನಂಥಾ ಶಾಣ್ಯಾರಿಂದಲೇ ಹೆಣ ತಪ್ಪಿ ಹೋಗತಾವ' ಅಂದ್ರಂತ. ಮೂರು ನಲವತ್ತೈದು ಹೊಡದು ಹಾಕಿ ಎರಡು ಹದಿನೈದು ಬರದ್ರು. ನಿನಗೋಸ್ಕರ ಊರಿಗೂರೇ ಕಾದದ ಆಸೀಫ್. ನೀ ಬಂದಿ, ಮಣ್ಣು ಕೊಟ್ಟಿ. ಆ ಬೈಗಳ ಮರತದಂತ ನನಗ ಹೇಳಬ್ಯಾಡ. ಅಪ್ಪ ಸತ್ತ ದಿನ ಕೇಳಿದ ಬೈಗಳ ಯಾರಿಗೂ ಮರಿಯಂಗಿಲ್ಲ."

ರಸ್ತೆಯಲ್ಲಿ ಲಿಂಗಸೂಗೂರಿನ ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು. ಒಬ್ಬಳು ಹೆಂಗಸು ಚಾರ್ಜರ್ ಕೇಳಿದಳು. "ಆಮ್ಯಾಲ ಬಾರವ್ವ," ಎಂದ ಆಸೀಫ್.

"ನಾ ಕೊಂದಿಲ್ರೀ ಮೇಡಂ. ಕುರಾನ್ ಮುಟ್ಟಿ ಹೇಳತೀನಿ."

"ಕೊಂದೀ ಅಂದಿಲ್ಲ. ಹೊತ್ತು ತಿರುಗಿಸು ಅಂತ ನಿನಗ ಯಾರು ಹೇಳಿದ್ರು, ಅದನ್ನ ಹೇಳು."

"ಅಯಾಜ್ ಭಾಯಿ."

ಸಾಯಬಮ್ಮ ಪೆನ್ನು ಎತ್ತಲಿಲ್ಲ. ತನಗಾಗಿ ಕಾಯಲಿಲ್ಲವೆಂದು ಎಂಟು ದಿನದಿಂದ ಸಗರದ ಮಸೀದಿ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದವನು ಇದೇ ಅಯಾಜ್.

"'ನಾ ಬರೂದರಾಗ ಅಮ್ಮೀನ ಮಣ್ಣು ಮಾಡಿಬಿಡು' ಅಂದ. 'ಆಕಿ ಮಾರಿ ನೋಡಿದ್ರ ನನ್ನ ಎದಿ ಒಡೀತದ. ಊರಾಗ ಹಂಗ ಹೇಳಾಕ ಬರಂಗಿಲ್ಲ, ಮಗ ಆಗಿ ಕಾಯಬ್ಯಾಡ್ರಿ ಅಂದ್ರ ಉಗುಳತಾರ. ನೀ ಹ್ಯಾಂಗಾದ್ರೂ ಮಾಡು' ಅಂದ. ನನ್ನ ವೀಸಾ ಅವನ ಕೈಯಾಗ ಅದ ಮೇಡಂ. ಅವನ ಕಂಪನ್ಯಾಗೇ ಕೆಲಸ ಕೊಡಸ್ತೀನಿ ಅಂದಾನ. ದುಃಖದಾಗ ಮಾತಾಡಾಕತ್ತಾನ ಅಂತ ತಿಳಕೊಂಡೆ, ಮಾಡಿದೆ."

"ಯಾವಾಗ ಫೋನ್ ಮಾಡಿದ್ದ?"

"ಮುಂಜಾನಿ. ಇಮೋದಾಗ, ನೆಟ್ ಮ್ಯಾಲ."

"ನಿನ್ನ ಕಾಲ್ ಪಟ್ಟಿ ಯಾದಗಿರಿ ಎಸ್‌ಪಿ ಆಫೀಸಿನಿಂದ ತರಿಸೀನಿ. ಅದರಾಗಿಲ್ಲ."

"ಇಮೋ ಕಾಲ್ ಅದರಾಗ ಬರಂಗಿಲ್ರೀ. ಇದರಾಗ ಬರತದ." ಅವನು ತನ್ನ ಮೊಬೈಲ್ ತೆರೆದು, ಬೆರಳಿನಿಂದ ಸರಿಸುತ್ತ ಸರಿಸುತ್ತ ಎಂಟು ದಿನ ಹಿಂದಕ್ಕೆ ಹೋಗಿ, ಕೊಟ್ಟ.

ಅಯಾಜ್ ಭಾಯಿ. ಮಂಗಳವಾರ. ಬೆಳಗಿನ ಮೂರು ನಲವತ್ತೆಂಟು.

ಸಾಯಬಮ್ಮ ಅದನ್ನು ಮೂರು ಸಲ ಓದಿದಳು. ನುಜ್ಹತ ಅತ್ತೆಯನ್ನು ಎಬ್ಬಿಸಲು ಹೋದದ್ದು ನಾಲ್ಕೂವರೆಗೆ. ಗಂಡನಿಗೆ ಮೊದಲ ಫೋನ್ ಹಚ್ಚಿದ್ದು ನಾಲ್ಕು ನಲವತ್ತೊಂದಕ್ಕೆ. ಇದು ಯಾದಗಿರಿಯಿಂದ ಬಂದ ಅವಳ ಕಾಲ್ ಪಟ್ಟಿಯಲ್ಲೇ ಇತ್ತು.

ಬಳಲಿಕೆಯಲ್ಲಿ ತಪ್ಪು ಆಗುವುದು ಇಂಥ ಕಡೆಯೇ ಎಂದು ಅವಳಿಗೆ ಗೊತ್ತಿತ್ತು. ಮೂರು ನಲವತ್ತೆಂಟು ದುಬೈ ಹೊತ್ತಾಗಿದ್ದರೆ ನಮ್ಮದು ಐದು ಹದಿನೆಂಟು. ಆಗ ಸುದ್ದಿ ಮುಟ್ಟಿಯಾಗಿತ್ತು, ಮಾತಿಗೆ ಅರ್ಥವಿತ್ತು.

"ಈ ಮೊಬೈಲಿನ ಗಡಿಯಾರ ಎಲ್ಲಿದು? ದುಬೈದಾಗ ಇಟ್ಟಿದ್ದು ಹಂಗೇ ಅದ ಏನು?"

"ಇಲ್ರೀ, ಇಲ್ಲಿದೇ. ನೋಡ್ರಿ, ಎರಡು ಐವತ್ತು."

ಅವಳು ತನ್ನ ಕೈಗಡಿಯಾರ ನೋಡಿದಳು. ಎರಡು ಐವತ್ತು. ನಿಲ್ದಾಣದ ಗಡಿಯಾರ ನೋಡಿದಳು. ಎರಡು ಐವತ್ತೊಂದು. ಅದೇ ಮೊಬೈಲಿನಲ್ಲಿ ಅಂದು ಆಸೀಫ್ ನುಜ್ಹತಳಿಗೆ ಮಾಡಿದ ಸಾದಾ ಕರೆ ಐದು ಮೂವತ್ತಾರಕ್ಕಿತ್ತು. ಯಾದಗಿರಿಯ ಪಟ್ಟಿಯಲ್ಲೂ ಐದು ಮೂವತ್ತಾರೇ. ಗಡಿಯಾರ ನಮ್ಮದೇ. ಮೂರು ನಲವತ್ತೆಂಟು ಎಂದರೆ ಮೂರು ನಲವತ್ತೆಂಟೇ.

"ಆಸೀಫ್, ಅಷ್ಟೊತ್ತಿನ್ಯಾಗ ಮನ್ಯಾಗಿದ್ದಾಕಿಗೇ ಅತ್ತಿ ಸತ್ತದ್ದು ಗೊತ್ತಿಲ್ಲ. ಎರಡೂವರೆ ಸಾವಿರ ಕಿಲೋಮೀಟರ್ ಆಚೆ ಇದ್ದಾವನಿಗೆ ಹ್ಯಾಂಗ ಗೊತ್ತಾತು ಅಂತ ನಿನಗ ಅನಸ್ಲಿಲ್ಲೇನು?"

ಅವನಿಗೆ ಆ ವರೆಗೆ ಅನಿಸಿರಲಿಲ್ಲ. ಅದು ಅವನ ಮುಖದ ಮೇಲೆ ಸ್ಪಷ್ಟವಾಗಿತ್ತು. ನಿದ್ದೆಗಣ್ಣಿನಲ್ಲಿ ಎತ್ತಿದ ಫೋನು, ಆಮೇಲೆ ಸಾವಿನ ಮನೆಯ ಗದ್ದಲ. ಹೊತ್ತು ನೋಡುವ ಗೋಜಿಗೆ ಅವನು ಹೋಗಿರಲಿಲ್ಲ. ಅವನು ಮೊಬೈಲನ್ನು ಅವಳ ಕೈಯಲ್ಲೇ ಬಿಟ್ಟು, ಅವಳು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿದ.

*

"ಮೊಬೈಲ್ ಯಾದಗಿರಿ ಸೈಬರ್ ಠಾಣೆಗೆ ಹೋಗಬೇಕು. ಅವರು ನೋಡಿ ಬರದು ಕೊಡಬೇಕು. ನಾಳೆ ಸಂಜಿ ಆದ್ರೂ ಆತು," ಎಂದರು ಲಕ್ಷ್ಮಿಕಾಂತ. ಗಂಟೆ ನಾಲ್ಕೂ ಹತ್ತು. "ಆಸೀಫ್‌ನ ಬಾಯಿ ಮಾತಿನ ಮ್ಯಾಲ ಅಯಾಜ್‌ನ ಹಿಡಿಯಾಕ ಆಗಂಗಿಲ್ಲ. ಅವ ಆಗ ದುಬೈದಾಗಿದ್ದ. ಪಾಸ್‌ಪೋರ್ಟಿನ್ಯಾಗ ಶಿಕ್ಕಾ ಅದ."

"ಅವನ್ನ ಹಿಡೀರಿ ಅನ್ನಂಗಿಲ್ಲ ಸರ್. ಈಕಿನ್ನ ಕಳಿಸಬ್ಯಾಡ್ರಿ. ವಹಿಯಾಗಿನ ಹೆಸರು ಸುಳ್ಳಂತ ಈಗ ಎರಡು ಹೇಳಿಕಿ ಅದಾವ. ಅದನ್ನ ಬಿಟ್ರ ಆಕಿ ಮ್ಯಾಲ ನಮ್ಮ ಹಂತ್ಯಾಕ ಏನದ?"

ಲಕ್ಷ್ಮಿಕಾಂತ ಎರಡೂ ಹೇಳಿಕೆಗಳನ್ನು ಓದಿದರು. ಹಿಂದಕ್ಕೆ ತಿರುವಿ ಇನ್ನೊಮ್ಮೆ ಓದಿದರು. ಡಿವೈಎಸ್‌ಪಿಗೆ ಫೋನ್ ಮಾಡಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಬಂದಾಗ ಅವರ ಮುಖದಲ್ಲಿ ಒಂದು ದಿನದ ಕೆಲಸ ಹಾಳಾದ ಬೇಸರವಿತ್ತು.

"ಸರಿ. ಜಾಮೀನು ಮುಚ್ಚಳಿಕೆ ಬರಸ್ಕೊಂಡು ಬಿಡೋಣು. ಕರದಾಗ ಬರಬೇಕು. ಐದೂವರೆ ಒಳಗ ಕಾಗದ ಮುಗೀಬೇಕು, ಇಲ್ಲಂದ್ರ ಕೋರ್ಟಿಗೇ ಒಯ್ಯಬೇಕಾಗತದ. ಆಸೀಫ್‌ನ ಫೋನಿನ ಮಾತು ಯಾರಿಗೂ ಗೊತ್ತಾಗಬಾರ್ದು."

ಸಾಯಬಮ್ಮನಿಗೆ ಸಂತೋಷಪಡುವಷ್ಟು ಶಕ್ತಿ ಉಳಿದಿರಲಿಲ್ಲ. ಒಂದು ಲೋಟ ನೀರು ಕುಡಿದು, ಮುಖ ತೊಳೆದು, ಒಳಕೋಣೆಗೆ ಹೋದಳು. ಐದು ಗಂಟೆ ಹದಿನೆರಡು ನಿಮಿಷವಾಗಿತ್ತು.

"ಏಳವಾ. ನೀ ಕಲಬುರಗಿಗೆ ಹೋಗಂಗಿಲ್ಲ."

ನುಜ್ಹತ ನಂಬದೆ ನೋಡಿದಳು. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಸಾಯಬಮ್ಮ ಅವಳ ಅಳು ನಿಲ್ಲುವವರೆಗೆ ಕಾದಳು. ಇನ್‌ಸ್ಪೆಕ್ಟರು ಬೇಡವೆಂದಿದ್ದ ಮಾತನ್ನು ಅವಳೊಬ್ಬಳಲ್ಲಿ ಕೇಳದೆ ಬಿಡುವಂತಿರಲಿಲ್ಲ.

"ಒಂದು ಮಾತು ಹೇಳು. ನೀ ಗಂಡಗ ಫೋನ್ ಹಚ್ಚೂಕಿಂತ ಐವತ್ತಮೂರು ನಿಮಿಷ ಮೊದಲೇ ಅವನಿಗೆ ಸುದ್ದಿ ಗೊತ್ತಿತ್ತು. ಮೂರು ನಲವತ್ತೆಂಟಕ್ಕ ಆಸೀಫ್‌ಗ ಫೋನ್ ಮಾಡ್ಯಾನ, ತಾಯೀನ ಮಣ್ಣು ಮಾಡಿಬಿಡು ಅಂತ. ಮೂರೂವರೆ ಸುಮಾರಿಗೆ ಯಾರಾದ್ರೂ ನಿಮ್ಮ ಮನಿಗೆ ಬಂದಿದ್ರೇನು?"

ನುಜ್ಹತಳ ಕೈಗಳು ಮುಖದಿಂದ ನಿಧಾನವಾಗಿ ಕೆಳಗಿಳಿದವು. ಅಳು ಪೂರ್ತಿ ನಿಂತಿತ್ತು. ಅವಳು ಸಾಯಬಮ್ಮನನ್ನು ನೋಡುತ್ತಿರಲಿಲ್ಲ. ಯಾವುದೋ ಲೆಕ್ಕವನ್ನು ಒಳಗೊಳಗೇ ಕೂಡಿಸುತ್ತಿದ್ದಳು.

"ಜಾಮೀನು ಯಾರು ಅಕ್ಕಾ?"

"ನಿನ್ನ ಗಂಡನೇ. ಬ್ಯಾಡ ಅಂದ್ರ ಅವನಿಗೆ ಸಂಶಯ ಬರತದ. ಮಧ್ಯಾನ್ಹದಿಂದ ಹೊರಗ ಕುಂತಾನ. ಕಾರು ತಂದಾನ."

"ನನ್ನ ಬಿಡಬ್ಯಾಡ್ರಿ."

"ಏನಂದಿ?"

"ಜೈಲಿಗೇ ಕಳಸ್ರಿ. ನಾನೇ ಕೊಂದೀನಿ ಅಂತ ಬರಕೊಳ್ರಿ, ಹೆಬ್ಬೆಟ್ಟು ಒತ್ತತೀನಿ." ಅವಳು ಸಾಯಬಮ್ಮನ ಮುಂಗೈ ಹಿಡಿದಳು. ಬೆರಳುಗಳು ತಣ್ಣಗಿದ್ದವು. "ದಿನಾ ಪಡಸಾಲಿ ಮಂಚದ ಮ್ಯಾಲ ಮಲಗಾಕಿ ನಾನು ಅಕ್ಕಾ. ಅದು ಇವರಿಗೆ ಗೊತ್ತದ, ದಿನಾ ರಾತ್ರಿ ಅಲ್ಲೇ ಮಲಗಿ ಇವರ ಜೋಡಿ ಫೋನಿನ್ಯಾಗ ಮಾತಾಡ್ತಿದ್ದೆ. ಅವತ್ತು ಫರ್ಹೀನ್‌ಗ ಕೆಮ್ಮು ಹೆಚ್ಚಾತು. ಪಡಸಾಲ್ಯಾಗ ಗಾಳಿ ಬಡೀತದ, ಕೂಸಿನ್ನ ತಗೊಂಡು ನೀ ಒಳಗ ಹೋಗು ಅಂದ್ರು ಅತ್ತಿ. ಆ ಮಂಚದ ಮ್ಯಾಲ ಅವರು ಮಲಗಿದ್ರು. ನನ್ನ ಚಾದರ, ತಲಿತುಂಬ ಹೊದ್ದುಕೊಂಡು."

ಸಾಯಬಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

"ಬಂದಾವ ಯಾರು ಅಂತ ನನಗ ಗೊತ್ತಿಲ್ಲ. ಅವ ನಾನಂತ ತಿಳದು ತಪ್ಪಿ ಮಾಡ್ಯಾನ. ತಪ್ಪಾತು ಅಂತ ತಿಳದು ಇವರಿಗೆ ಫೋನ್ ಹಚ್ಚ್ಯಾನ. ಅದಕ್ಕೇ ಇವರಿಗೆ ಅಮ್ಮೀ ಮಾರಿ ನೋಡಾಕ ಆಗಿಲ್ಲ." ನುಜ್ಹತಳ ದನಿ ಪಿಸುಮಾತಿಗಿಳಿಯಿತು. "ಈಗ ನಾ ಉಸಿರಾಡಾಕತ್ತೇನಲ್ಲ, ಅದು ನಂದಲ್ಲ ಅಕ್ಕಾ. ಅತ್ತೀದು. ಈ ಋಣ ನಾ ಯಾರಿಗೆ ತೀರಸ್ಲಿ?"

ಬಾಗಿಲಾಚೆ ಕುರ್ಚಿ ಸರಿದ ಸದ್ದಾಯಿತು. ಅಯಾಜ್‌ನ ಮೆತ್ತನೆಯ, ವಿನಯದ ದನಿ ಕೇಳಿಸಿತು.

"ಎಲ್ಲಾ ಕಡೆ ಸಹಿ ಮಾಡೀನ್ರಿ ಸಾಹೇಬ್ರ. ನನ್ನ ಹೆಂಡತೀನ ಕರಕೊಂಡು ಹೋಗಲೇನ್ರಿ?"

ಸಾಯಬಮ್ಮ ಗಡಿಯಾರ ನೋಡಿದಳು. ಐದು ಇಪ್ಪತ್ತೆರಡು. ಅವಳು ಎದ್ದು ಹೋಗಿ ಬಾಗಿಲಿನ ಚಿಲಕವನ್ನು ಒಳಗಿನಿಂದ ಹಾಕಿದಳು.